ಗುಲಾಮಗಿರಿಯ ಚರಿತ್ರೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಎರಡೂ ಅಧ್ಯಾಯ ಓದಿದೆ. ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳ ಬಗ್ಗೆ ಬರೆಯಬೇಕು ಅಂತ ಹೊರಟಿದ್ದೀಯ, ಅದಕ್ಕೆ ಪೀಠಿಕೆಯಾಗಿ ಅಮೆರಿಕದ ಗುಲಾಮಗಿರಿಯ ಕತೆ ಇಟ್ಟಿದ್ದೀಯ. ಬರವಣಿಗೆಯಲ್ಲಿ ಬಿಸಿ ಇದೆ, ಅದು ನನಗೆ ಇಷ್ಟವಾಯಿತು. ಆದರೆ ಪುಟ ಪುಟಕ್ಕೂ ನಿನ್ನ ಸಿಟ್ಟು ಕಾಣುತ್ತದೆಯೇ ಹೊರತು ಆ ಜನ ಕಾಣುವುದಿಲ್ಲ. ಎಷ್ಟು ಗುಲಾಮರ ಹೆಸರು ಬಂದಿದೆ ನೋಡು. ಒಂದೂ ಇಲ್ಲ. ಯಾರು, ಯಾರ ಹೊಲದಲ್ಲಿ ದುಡಿದರು, ಯಾವ ವರ್ಷ ತಪ್ಪಿಸಿಕೊಂಡು ಹೋದರು, ಸಿಕ್ಕಿಬಿದ್ದರಾ ಇಲ್ಲವಾ, ಇದ್ಯಾವುದೂ ಇಲ್ಲದೆ ಎಷ್ಟು ಜೋರಾಗಿ ಬೈದರೂ ಅದು ಸುಮ್ನೆ ಭಾಷಣ ಆಗಿಬಿಡುತ್ತದೆ.

ಸಿಟ್ಟು ಬೇಡ ಅನ್ನುತ್ತಿಲ್ಲ. ಅದನ್ನು ಕೆಲಸಕ್ಕೆ ಹಚ್ಚು ಅನ್ನುತ್ತಿದ್ದೇನೆ. ಹಾಗೆ ಹಚ್ಚಿದವರಲ್ಲಿ ನನಗೆ ತುಂಬಾ ಹತ್ತಿರವಾದವರು ಅಮೆರಿಕದ ಕಪ್ಪು ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್.

1915ರಲ್ಲಿ ಒಕ್ಲಹೋಮಾದ ರೆಂಟೀಸ್‌ವಿಲ್ ಅನ್ನುವ ಕಪ್ಪು ಜನರ ಪುಟ್ಟ ಊರಲ್ಲಿ ಹುಟ್ಟಿದವರು. ಅವರ ಅಜ್ಜ ಗುಲಾಮರಾಗಿದ್ದರು, ಗುಲಾಮಗಿರಿಯ ವಿಷಯವಾಗಿ ಅಮೆರಿಕದ ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ಹೊತ್ತಿಗೆ ಓಡಿಹೋಗಿ ಉತ್ತರದ ಸೈನ್ಯ ಸೇರಿ, ಒಡೆಯನ ಮನೆತನದ ಹೆಸರು ಬಿಟ್ಟು ಫ್ರಾಂಕ್ಲಿನ್ ಅಂತ ಇಟ್ಟುಕೊಂಡರು. ಅಪ್ಪ ವಕೀಲರು. 1921ರಲ್ಲಿ ಅದೇ ರಾಜ್ಯದ ಟಲ್ಸಾ ನಗರದ ಕಪ್ಪು ಜನರ ಬಡಾವಣೆಗೆ ಬಿಳಿಯರ ಗುಂಪು ಬೆಂಕಿ ಹಚ್ಚಿದಾಗ ಅವರ ಕಚೇರಿಯೂ ಸುಟ್ಟುಹೋಯಿತು, ಆಮೇಲೆ ಡೇರೆಯಲ್ಲಿ ಕೂತು ವಕೀಲಿ ಮಾಡಿದರು. ಮಗನಿಗೆ ಆರು ವರ್ಷವಿದ್ದಾಗ ಅಮ್ಮ, ಅಕ್ಕನ ಜೊತೆ ರೈಲಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತರು ಅಂತ ಮೂವರನ್ನೂ ಕಾಡಿನ ನಡುವೆ ಇಳಿಸಿ ಹೋದರು. ಅಳುತ್ತಿದ್ದ ಹುಡುಗನಿಗೆ ಅಮ್ಮ ಹೇಳಿದ್ದು, ಅಳುವುದರಲ್ಲಿ ಶಕ್ತಿ ಕಳೆಯಬೇಡ, ನೀನು ಯಾರಿಗೂ ಕಡಿಮೆ ಇಲ್ಲ ಅಂತ ತೋರಿಸುವುದಕ್ಕೆ ಅದನ್ನು ಇಟ್ಟುಕೋ ಅಂತ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. 1939ರಲ್ಲಿ ಹಾರ್ವರ್ಡಿನ ಪಿಎಚ್‌ಡಿಗಾಗಿ ಅವರು ನಾರ್ತ್ ಕ್ಯಾರೊಲಿನಾದ ರಾಲೀ ಊರಿನ ಸರ್ಕಾರಿ ದಾಖಲೆ ಕೇಂದ್ರಕ್ಕೆ ಹೋದರು. ಸುತ್ತಲೂ ಗುಲಾಮಗಿರಿ ಇದ್ದ ಕಾಲದಲ್ಲಿ ಗುಲಾಮರಲ್ಲದೆ ಬದುಕುತ್ತಿದ್ದ ಕಪ್ಪು ಜನರ ಬಗ್ಗೆ ಅವರ ಅಧ್ಯಯನ. ಅಲ್ಲಿನ ಮುಖ್ಯಸ್ಥರಿಗೆ ದಿಗಿಲು. ಕಪ್ಪು ಮನುಷ್ಯನೊಬ್ಬ ಸಂಶೋಧನೆಗೆ ಬರಬಹುದು ಅಂತ ಕಟ್ಟಡ ಕಟ್ಟಿದವರು ಯೋಚಿಸಿಯೇ ಇರಲಿಲ್ಲ, ಎಲ್ಲರ ಜೊತೆ ಕೂರಿಸುವ ಹಾಗಿಲ್ಲ, ವ್ಯವಸ್ಥೆ ಮಾಡಲು ಸ್ವಲ್ಪ ದಿನ ಕೊಡಿ ಅಂದರು. ಆಮೇಲೆ ಬೇರೆ ಕೋಣೆ, ಒಂದು ಮೇಜು, ಒಂದು ಕುರ್ಚಿ ಕೊಟ್ಟರು. ಕಡತ ತಂದುಕೊಡುವ ಹುಡುಗರು ಬಿಳಿಯರು, ಅವರಿಂದ ಇವರ ಸೇವೆ ಮಾಡಿಸುವಂತಿಲ್ಲ. ಹಾಗಾಗಿ ದಾಖಲೆಗಳ ಕೋಣೆಯ ಬೀಗದ ಕೈಯನ್ನೇ ಇವರ ಕೈಗೆ ಕೊಟ್ಟು, ಬೇಕಾದ್ದು ನೀವೇ ತಂದುಕೊಳ್ಳಿ ಅಂದರು! ಕೈಗಾಡಿ ತಳ್ಳಿಕೊಂಡು ಕಪಾಟುಗಳ ನಡುವೆ ಬೇಕಾದ ಕಡೆ ಓಡಾಡಿ, ಬೇಕಾದ ಕಡತ ಹೇರಿಕೊಂಡು ಬರುತ್ತಿದ್ದರು. ಸ್ವಲ್ಪ ದಿನಕ್ಕೆ ಬಿಳಿಯ ಸಂಶೋಧಕರು ತಕರಾರು ತೆಗೆದರು, ಅವನಿಗಿರುವ ಸವಲತ್ತು ನಮಗೇಕಿಲ್ಲ ಅಂತ. ಬೀಗದ ಕೈ ವಾಪಸ್ ಹೋಯಿತು, ಅದೇ ಹುಡುಗರಿಗೆ ಇವರಿಗೂ ಕಡತ ತಂದುಕೊಡಿ ಅಂತ ಆಜ್ಞೆಯಾಯಿತು.

ಇಷ್ಟೆಲ್ಲ ಅನುಭವಿಸಿದವರು ಏನು ಬರೆದರು ಅಂತ ನೀನು ನೋಡಬೇಕು. 1943ರಲ್ಲಿ ಬಂದ ಅವರ ಮೊದಲ ಪುಸ್ತಕ ಗುಲಾಮರಲ್ಲದ ಆ ಕಪ್ಪು ಜನರದು. ಅವರ ಕಸುಬು, ಅವರ ಆಸ್ತಿ, ವರ್ಷದಿಂದ ವರ್ಷಕ್ಕೆ ಕಾನೂನು ಅವರ ಕುತ್ತಿಗೆ ಹಿಸುಕುತ್ತಾ ಬಂದ ರೀತಿ. ಬೀಗದ ಕೈಯ ಪ್ರಸಂಗವನ್ನು ಅವರು ಬರೆದದ್ದು 1963ರಲ್ಲಿ, ಕಪ್ಪು ವಿದ್ವಾಂಸರ ಸಂಕಟದ ಬಗೆಗಿನ ಬೇರೆಯದೇ ಲೇಖನದಲ್ಲಿ. ನಿನ್ನ ಎರಡನೇ ಅಧ್ಯಾಯದಲ್ಲಿ ನೀನು ಪಟ್ಟ ನೋವು ಆರು ಪುಟ ತಿಂದಿದೆ ತಂಗಿ. ಅದನ್ನು ತೆಗೆದಿಡು. ಅದಕ್ಕೆ ಅದರದೇ ಜಾಗ ಮುಂದೆ ಸಿಗುತ್ತದೆ.

ಗುಲಾಮರು ಬರೆದಿಟ್ಟದ್ದು ಕಡಿಮೆ, ಇರುವುದೆಲ್ಲ ಒಡೆಯರ ಕಾಗದ, ಅದನ್ನು ನಂಬುವುದು ಹೇಗೆ ಅಂತ ಕೇಳಿದ್ದೀಯ. ನಂಬಬೇಡ, ಆದರೆ ಬಿಡಲೂ ಬೇಡ. ಆಂಡ್ರ್ಯೂ ಜಾಕ್ಸನ್, ಮುಂದೆ ಅಮೆರಿಕದ ಅಧ್ಯಕ್ಷನಾದವನು, 1804ರಲ್ಲಿ ಟೆನೆಸಿಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿಸಿದ. ಓಡಿಹೋದ ಗುಲಾಮನ ವಯಸ್ಸು ಸುಮಾರು 30, ಎತ್ತರ ಆರಡಿ ಒಂದು ಇಂಚು, ನಡೆಯುವಾಗ ಬಾಗುತ್ತಾನೆ, ಪಾದ ತುಂಬಾ ದೊಡ್ಡದು, ಬೆರಳುಗಳ ಬುಡದಲ್ಲಿ ಅಗಲ, ತಾನು ಗುಲಾಮನಲ್ಲ ಅಂತ ಹೇಳಿಕೊಂಡು ತಿರುಗುತ್ತಾನೆ. ಹಿಡಿದುಕೊಟ್ಟರೆ 50 ಡಾಲರ್. ಜೊತೆಗೆ ಅವನಿಗೆ ಹೊಡೆಯುವ ಪ್ರತಿ 100 ಚಾಟಿ ಏಟಿಗೆ ಇನ್ನೂ 10 ಡಾಲರ್, 300 ಏಟಿನವರೆಗೆ. ಇದನ್ನು ಹಾಗೆಯೇ ಬರೆದರೆ ಸಾಕು, ನಿನ್ನ ಬೈಗುಳ ಒಂದೂ ಬೇಕಿಲ್ಲ, ಅಲ್ವಾ? ಅಷ್ಟೇ ಅಲ್ಲ, ಆ ಕೆಲವು ಸಾಲುಗಳಲ್ಲಿ ಒಬ್ಬ ಮನುಷ್ಯ ನಡೆದು ಹೋಗುತ್ತಿದ್ದಾನೆ. ಮಾತಾಡಿ ದಾರಿ ಮಾಡಿಕೊಳ್ಳುವ ಧೈರ್ಯವಿರುವವನು.

ಫ್ರಾಂಕ್ಲಿನ್ ಎಂಬತ್ತು ದಾಟಿದ ಮೇಲೆ ಲೊರೆನ್ ಶ್ವೆನಿಂಗರ್ ಅನ್ನುವ ಇನ್ನೊಬ್ಬ ಇತಿಹಾಸಕಾರರ ಜೊತೆ ಸೇರಿ, 1999ರಲ್ಲಿ, ಓಡಿಹೋದ ಗುಲಾಮರ ಮೇಲೆ ದೊಡ್ಡ ಪುಸ್ತಕ ತಂದರು. ಇಂಥ ಜಾಹೀರಾತುಗಳು, ಕೋರ್ಟಿಗೂ ಶಾಸನಸಭೆಗೂ ಬಂದ ಅರ್ಜಿಗಳು, ಇವೇ ಅದರ ಆಧಾರ. ನಮ್ಮ ಆಳುಗಳು ಸುಖವಾಗಿದ್ದಾರೆ ಅಂತ ಊರಿಗೆಲ್ಲ ಹೇಳುತ್ತಿದ್ದ ಒಡೆಯನೇ, ಓಡಿಹೋದವನನ್ನು ಹಿಡಿಸಬೇಕಾದಾಗ ಬೆನ್ನಿನ ಬಾಸುಂಡೆ, ಬರೆ ಹಾಕಿದ ಗುರುತು ಎಲ್ಲ ಬರೆಯಲೇಬೇಕಿತ್ತು. ಹೆಂಡತಿಯನ್ನು ಮಾರಿದ ಊರಿನ ಕಡೆ ಹೋಗಿರಬಹುದು ಅಂತಲೂ ಬರೆಯುತ್ತಿದ್ದ. ಒಡೆಯರ ಕಾಗದವನ್ನು ಒಡೆಯರ ಮೇಲೆಯೇ ಸಾಕ್ಷಿ ಹೇಳಿಸುವುದು ಅಂದರೆ ಇದು.

ಗುಲಾಮರಾಗಿದ್ದವರ ಮಾತೂ ಇದೆ. 1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ಯೋಜನೆಯೊಂದರಲ್ಲಿ 2,300ಕ್ಕೂ ಹೆಚ್ಚು ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದುಕೊಂಡರು. ಕೇಳಿದವರು ಹೆಚ್ಚಾಗಿ ಬಿಳಿಯರು, ಹೇಳಿದವರು ಬಡವರು. ಯಾರ ಮುಂದೆ ಯಾರು ಮಾತಾಡುತ್ತಿದ್ದಾರೆ ಅಂತ ನೋಡಿಕೊಂಡು ಓದು.

ಮುಕ್ತಿಯ ಭಾಗ ತಿದ್ದಲೇಬೇಕು. ಆಗಿನ ಅಧ್ಯಕ್ಷ ಲಿಂಕನ್ ಒಂದು ಸಹಿ ಹಾಕಿದ, ಎಲ್ಲರೂ ಬಿಡುಗಡೆಯಾದರು ಅನ್ನುವ ಹಾಗೆ ಬರೆದಿದ್ದೀಯ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. 1863ರ ಜನವರಿ 1ರ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ, ಲಿಂಕನ್ ಕಡೆಯೇ ಉಳಿದಿದ್ದ ಗುಲಾಮಗಿರಿಯ ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಆ ಘೋಷಣೆಗೆ ಮೊದಲೇ ಜನ ಮಕ್ಕಳುಮರಿ ಕಟ್ಟಿಕೊಂಡು ಉತ್ತರದ ಸೈನ್ಯದ ಬಿಡಾರಗಳಿಗೆ ಬಂದು ಸೇರುತ್ತಿದ್ದರು. ಸುಮಾರು 1.8 ಲಕ್ಷ ಕಪ್ಪು ಸೈನಿಕರು ಆ ಸೈನ್ಯದಲ್ಲಿದ್ದರು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ ತಿದ್ದುಪಡಿ ಬಂದದ್ದು 1865ರ ಡಿಸೆಂಬರಿನಲ್ಲಿ.

ಇನ್ನು ಸಿದ್ದಿಗಳ ವಿಷಯ. ಅಮೆರಿಕದ ಅಚ್ಚನ್ನು ತಂದು ಉತ್ತರ ಕನ್ನಡದ ಮೇಲೆ ಒತ್ತಬೇಡ. ಇಲ್ಲಿ ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರ ಕತೆ ಇದೆ, ಬಿಜಾಪುರದಲ್ಲಿ ಇಖ್ಲಾಸ್ ಖಾನನಂಥ ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿಯೂ ಆಗಿಹೋಗಿದ್ದಾನೆ. ಬ್ರಿಟನ್ನಿನ 1833ರ ಗುಲಾಮಗಿರಿ ರದ್ದತಿ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು, ಇಲ್ಲಿಗೆ ಬೇರೆ ಕಾಯ್ದೆ ಬಂದದ್ದು 1843ರಲ್ಲಿ. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, 1843ಕ್ಕೂ 2003ಕ್ಕೂ ನಡುವೆ ಏನೇನಾಯಿತು ಅನ್ನುವುದೇ ನಿನ್ನ ಪುಸ್ತಕ. ಪಣಜಿಯ ದಾಖಲೆ ಕೇಂದ್ರಕ್ಕೆ ಹೋಗಲೇಬೇಕು, ಅದಕ್ಕೆ ಪೋರ್ಚುಗೀಸ್ ಕಲಿಯಲೇಬೇಕು. ಕಷ್ಟ, ಗೊತ್ತು. ಆದರೆ ನಿನಗೆ ಇನ್ನೂ ಚಿಕ್ಕ ವಯಸ್ಸು, ತಲೆಗೆ ಹತ್ತುತ್ತದೆ.

ಯಾವತ್ತಾದರೂ ಬೇಸರ ಬಂದರೆ ಇದನ್ನು ನೆನಪಿಸಿಕೋ. 1995ರಲ್ಲಿ ಫ್ರಾಂಕ್ಲಿನ್‌ಗೆ ದೇಶದ ಅತಿ ದೊಡ್ಡ ನಾಗರಿಕ ಗೌರವ ಸಿಗುವ ಹಿಂದಿನ ರಾತ್ರಿ, ವಾಷಿಂಗ್ಟನ್ನಿನ ಕ್ಲಬ್ಬಿನಲ್ಲಿ ತಾವೇ ಕರೆದಿದ್ದ ಊಟದ ನಡುವೆ, ಬಿಳಿಯ ಹೆಂಗಸೊಬ್ಬಳು ಅವರನ್ನು ಅಲ್ಲಿನ ಆಳು ಅಂದುಕೊಂಡು ಕೈಗೆ ಕೋಟಿನ ಚೀಟಿ ಕೊಟ್ಟು ನನ್ನ ಕೋಟು ತಂದುಕೊಡು ಅಂದಳು. ಆಗ ಅವರಿಗೆ 80 ವರ್ಷ. ಓಡಿಹೋದವರ ಪುಸ್ತಕ ಬಂದದ್ದು ಅದಾದ ನಾಲ್ಕು ವರ್ಷಕ್ಕೆ.

ಮೊದಲನೇ ಅಧ್ಯಾಯ ಸದ್ಯಕ್ಕೆ ಪಕ್ಕಕ್ಕಿಡು. ಎರಡನೆಯದರಲ್ಲಿ ಒಬ್ಬ ಸಿದ್ದಿ ಅಜ್ಜಿಯ ಒಂದೇ ಒಂದು ಮಾತು ಬಂದಿದೆ, ತನ್ನ ಮುತ್ತಜ್ಜ ಗೋವಾದ ಕಡೆಯಿಂದ ಕಾಡಿನ ದಾರಿಯಲ್ಲೇ ಬಂದ ಅಂತ. ಅಲ್ಲಿಂದ ಶುರು ಮಾಡಿ ಹತ್ತು ಪುಟ ಬರೆದು ಕಳಿಸು. ಅಜ್ಜಿಯ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿಕೊಂಡು ಬಾ.

ನಿನ್ನ
ಅಣ್ಣ