ಪತ್ರಿಕೆಯ ಮಡಿಕೆಯಲ್ಲಿ ಬಂದ ಎಕ್ಸೋಸೋಮ್

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸುತ್ತಿದ್ದಂತೆ ನುಣುಪು ಕಾಗದದ ಕರಪತ್ರವೊಂದು ಕಾಫಿ ಲೋಟದ ಪಕ್ಕಕ್ಕೆ ಜಾರಿತು. ‘ಎಕ್ಸೋಸೋಮ್ ಚಿಕಿತ್ಸೆ: ಉದುರಿದ ಕೂದಲು ಮರಳಿ, ಮಂಡಿನೋವು ಮಾಯ’ ಎಂದು ನಮ್ಮ ಬಡಾವಣೆಯ ಚಿಕಿತ್ಸಾಲಯವೊಂದರ ಭರವಸೆ. ಅದನ್ನು ಒಳಗಿಟ್ಟವರು ನೀವಲ್ಲ, ಪೇಪರ್ ಹಾಕುವ ಏಜೆಂಟರು ಎಂಬುದು ಗೊತ್ತು. ಆದರೂ ಪತ್ರಿಕೆಯೊಳಗಿಂದ ಬಂದದ್ದಕ್ಕೆ ಜನ ಪತ್ರಿಕೆಯ ಮರ್ಯಾದೆಯನ್ನೇ ಕೊಡುತ್ತಾರೆ. ಅಂದೇ ಸಂಜೆ ಪಕ್ಕದ ಮನೆಯ ಹಿರಿಯರು ಬಂದು, ‘ಮೇಡಂ, ನಾನೂ ಮಂಡಿಗೆ ಹಾಕಿಸಿಕೊಳ್ಳಲೇ?’ ಎಂದು ಕೇಳಿದರು.

ಎಕ್ಸೋಸೋಮ್ ಕಟ್ಟುಕತೆಯಾಗಿದ್ದರೆ ಉತ್ತರ ಸುಲಭವಿತ್ತು. ಅದು ನಿಜವಾದ ವಿಜ್ಞಾನ. ಜೀವಕೋಶದೊಳಗೊಂದು ದೊಡ್ಡ ಚೀಲ, ಅದರ ತುಂಬ ಪುಟ್ಟ ಪುಟ್ಟ ಚೀಲಗಳು. ದೊಡ್ಡದು ಕೋಶದ ಹೊರಪೊರೆಯೊಂದಿಗೆ ಬೆಸೆದು ಬಾಯ್ದೆರೆದಾಗ ಪುಟ್ಟವು ಹೊರಬೀಳುತ್ತವೆ. ಇವೇ ಎಕ್ಸೋಸೋಮ್‌ಗಳು. ಗಾತ್ರ ಸುಮಾರು 30ರಿಂದ 150 ನ್ಯಾನೊಮೀಟರ್. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಎಟುಕುವ ಮಾತಲ್ಲ. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವು ಪತ್ತೆಯಾದವು. ಕಣ ಬಲಿಯುವಾಗ, ಕಬ್ಬಿಣ ಒಳತರುತ್ತಿದ್ದ ಗ್ರಾಹಕ ಪ್ರೋಟೀನುಗಳು ಇನ್ನು ಬೇಡವೆಂದು ಹೀಗೆ ಸಾಗಹಾಕುತ್ತಿತ್ತು. ಹಾಗಾಗಿ ಬಹುಕಾಲ ಇದು ಕೋಶದ ಕಸದ ಗಾಡಿ ಎನಿಸಿಕೊಂಡಿತ್ತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಚೀಲಗಳಲ್ಲಿ ವಂಶವಾಹಿಯ ಸಂದೇಶ ಹೊರುವ ಆರ್‌ಎನ್‌ಎ ಇರುವುದನ್ನೂ, ಅವನ್ನು ಪಡೆದ ಕೋಶ ಅದನ್ನು ಓದಿ ಪ್ರೋಟೀನು ತಯಾರಿಸುವುದನ್ನೂ ತೋರಿಸಿದ ಮೇಲೆ ಕಸದ ಗಾಡಿಗೆ ಅಂಚೆಯವನ ಪದವಿ ಸಿಕ್ಕಿತು.

ಅಂಚೆಯವನ ಚೀಲಕ್ಕೆ ನಮ್ಮ ಔಷಧವನ್ನೂ ಸೇರಿಸಿದರೆ? 2011ರಲ್ಲಿ ಆಕ್ಸ್‌ಫರ್ಡ್ ತಂಡವೊಂದು ಅದನ್ನೇ ಮಾಡಿತು. ಇಲಿಯ ಕೋಶಗಳಿಂದಲೇ ಪಡೆದ ಎಕ್ಸೋಸೋಮ್‌ಗಳ ಮೈಮೇಲೆ ನರಕೋಶವನ್ನು ಗುರುತಿಸುವ ವಿಳಾಸಚೀಟಿ ಹಚ್ಚಿ, ಒಳಗೆ ವಂಶವಾಹಿಯ ಬಾಯಿ ಮುಚ್ಚಿಸುವ ಆರ್‌ಎನ್‌ಎ ತುಂಬಿ, ರಕ್ತನಾಳಕ್ಕೆ ಚುಚ್ಚಿದರು. ಬಹುತೇಕ ಔಷಧಗಳನ್ನು ಬಾಗಿಲಲ್ಲೇ ತಡೆಯುವ ಮಿದುಳು ಇವನ್ನು ಒಳಗೆ ಬಿಟ್ಟುಕೊಂಡಿತು. ಆದರೆ ಅದು ಇಲಿ. ವಿಳಾಸಚೀಟಿ ಇಲ್ಲದೆ ರಕ್ತಕ್ಕೆ ಬಿಟ್ಟರೆ ಹೆಚ್ಚಿನವು ಯಕೃತ್ತು, ಗುಲ್ಮಗಳ ಪಾಲು. ಒಂದು ಸಲ ತಯಾರಿಸಿದಂತೆ ಇನ್ನೊಂದು ಸಲ ಬರುವುದೂ ಇಲ್ಲ. ಕ್ಯಾನ್ಸರ್ ಕೋಶಗಳೂ ಇಂಥದೇ ಚೀಲಗಳನ್ನು ಕಳಿಸಿ ಬೇರೆ ಅಂಗಗಳಲ್ಲಿ ತಮಗೆ ಜಾಗ ಹದಮಾಡಿಕೊಳ್ಳುತ್ತವೆ. ಚೀಲ ಯಾವ ಕೋಶದ್ದು ಎಂಬುದೇ ಇಲ್ಲಿ ಮುಖ್ಯ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಎಕ್ಸೋಸೋಮ್ ಹೆಸರಿನ ಚಿಕಿತ್ಸೆ ಪಡೆದವರು ತೀವ್ರ ತೊಂದರೆಗೊಳಗಾದ ಮೇಲೆ, ಇಂಥ ಯಾವ ಉತ್ಪನ್ನಕ್ಕೂ ತನ್ನ ಅನುಮೋದನೆ ಇಲ್ಲವೆಂದು ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು.

ಔಷಧದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುವ ಕಾನೂನು ನಮ್ಮಲ್ಲಿ 1954ರಿಂದಲೇ ಇದೆ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಬೆಂಗಳೂರಿನ ಇಂಥ ಚಿಕಿತ್ಸಾಲಯಗಳ ಶೀಶೆಗಳನ್ನು ಒಮ್ಮೆ ಪರಿಶೀಲಿಸಲಿ. ನಿಮ್ಮಲ್ಲಿ ಕೋರಿಕೆ ಬೇರೆ: ಕೋಶಪೊರೆಗಳ ಸಾಗಾಟವನ್ನೇ ಅಭ್ಯಾಸ ಮಾಡುವವರು ಇಲ್ಲೇ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿದ್ದಾರೆ. ಅವರಿಂದ ಕನ್ನಡದಲ್ಲಿ ಒಂದು ಲೇಖನ ಬರೆಸಿ, ಕರಪತ್ರ ಬಂದಂತೆಯೇ ಒಂದು ಭಾನುವಾರ ಪ್ರಕಟಿಸಿ.

ಅಂದಹಾಗೆ, ನೆರೆಯವರ ಪರವಾಗಿ ಚಿಕಿತ್ಸಾಲಯಕ್ಕೆ ನಾನೇ ಫೋನ್ ಮಾಡಿದ್ದೆ. ಯಾವ ಕೋಶದಿಂದ ತೆಗೆದದ್ದು ಎಂದು ಕೇಳಿದ್ದಕ್ಕೆ, ‘ಕೊರಿಯಾದ್ದು ಮೇಡಂ’ ಎಂಬ ಉತ್ತರ ಬಂತು.

– ನಿವೃತ್ತ ಜೀವವಿಜ್ಞಾನ ಉಪನ್ಯಾಸಕಿ, ಬಸವನಗುಡಿ, ಬೆಂಗಳೂರು