ಈ ವಾರದ ಮಾತು: ಗುಡಿಸನ್ ಪಾರ್ಕ್

ಗೆಳೆಯರೇ, ಈ ವಾರ ಗುಂಪಿನಲ್ಲಿ ಇಂಗ್ಲೆಂಡಿನ ಎವರ್ಟನ್ ಫುಟ್‌ಬಾಲ್ ಕ್ಲಬ್ ಬಗ್ಗೆ ಮಾತಾಡೋಣ. ಆನ್‌ಫೀಲ್ಡ್ ಮೈದಾನ ಅಂದರೆ ಲಿವರ್‌ಪೂಲ್ ತಂಡದ್ದು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ 1884ರಿಂದ ಅಲ್ಲಿ ಆಡುತ್ತಿದ್ದದ್ದು ಎವರ್ಟನ್. ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಜೊತೆ ಬಾಡಿಗೆ ವಿಷಯಕ್ಕೆ ಜಗಳವಾಗಿ, 1892ರಲ್ಲಿ ಕ್ಲಬ್ ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಗೆ, ಗುಡಿಸನ್ ಪಾರ್ಕಿಗೆ ಹೋಯಿತು. ಖಾಲಿ ಉಳಿದ ಮೈದಾನಕ್ಕಾಗಿ ಹೌಲ್ಡಿಂಗ್ ಕಟ್ಟಿದ ತಂಡವೇ ಲಿವರ್‌ಪೂಲ್! ಗುಡಿಸನ್‌ನ ಮೂಲೆಗೆ ಒತ್ತಿಕೊಂಡೇ ಸೇಂಟ್ ಲ್ಯೂಕ್ಸ್ ಚರ್ಚ್ ಇದೆ. ನನಗಂತೂ ತುಂಬಾ ಇಷ್ಟದ ನೋಟ ಅದು. 1966ರ ವಿಶ್ವಕಪ್ ಸೆಮಿಫೈನಲ್ ಒಂದು ಇಲ್ಲೇ ನಡೆಯಿತು.

ಪುರುಷರ ತಂಡ 2025ರ ಮೇ 18ರಂದು ಇಲ್ಲಿ ಕೊನೆಯ ಪಂದ್ಯ ಆಡಿ, ಬ್ರ್ಯಾಮ್ಲಿ-ಮೂರ್ ಡಾಕ್‌ನ ಹೊಸ ಕ್ರೀಡಾಂಗಣಕ್ಕೆ ಹೊರಟಿತು. ಪುಣ್ಯಕ್ಕೆ ಹಳೇ ಮೈದಾನ ಕೆಡವಲಿಲ್ಲ, ಅದನ್ನು ಮಹಿಳಾ ತಂಡಕ್ಕೆ ಕೊಟ್ಟರು.

ಹಳೇ ಪಂದ್ಯಗಳ ಫೋಟೊ, ನೆನಪು ಇದ್ದರೆ ಭಾನುವಾರದೊಳಗೆ ಹಾಕಿ. ಜೊತೆಗೆ ವರ್ಷವನ್ನೂ ಬರೆಯಿರಿ.