ಜನವರಿಯ ಬಜೆಟ್ ಸುದ್ದಿ, ಜೂನ್ ತಿಂಗಳ ಲೆಕ್ಕ

ಮಾನ್ಯ ಸಂಪಾದಕರೇ,

ಅಮೆರಿಕದ ರಾಜ್ಯವೊಂದರ ಗವರ್ನರ್ ಬಜೆಟ್ ಪ್ರಸ್ತಾವ ಮುಂದಿಟ್ಟರೆ ಸಾಕು, ಆ ಹಣವೆಲ್ಲ ಮರುದಿನವೇ ಜನರ ಕೈ ಸೇರಿತು ಎಂಬ ಧಾಟಿಯಲ್ಲಿ ವರದಿಗಳು ಬರುತ್ತವೆ. ನಾನು ಕ್ಯಾಲಿಫೋರ್ನಿಯಾದ ಒಂದು ಸಾರ್ವಜನಿಕ ಶಾಲಾ ಜಿಲ್ಲೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಆ ಪ್ರಸ್ತಾವವನ್ನು ನಂಬಿಕೊಂಡು ಮುಂದಿನ ವರ್ಷದ ಸಂಬಳದ ಲೆಕ್ಕ ಹಾಕುವ ಪಾಡು ನಮ್ಮದು. ಆದ್ದರಿಂದ ಈ ಪತ್ರ.

ಇಲ್ಲಿ ಗವರ್ನರ್ ಜನವರಿ 10ರೊಳಗೆ ಪ್ರಸ್ತಾವ ಸಲ್ಲಿಸಬೇಕು. ಅವರು ಜನರಿಂದ ನೇರವಾಗಿ ಆಯ್ಕೆಯಾದವರು, ಆದರೆ ಸದನದ ಸದಸ್ಯರಲ್ಲ. ಸದನದಲ್ಲಿ ಸ್ವಪಕ್ಷದವರದೇ ಬಹುಮತವಿದ್ದರೂ ಉಪಸಮಿತಿಗಳಲ್ಲಿ ಒಂದೊಂದು ಬಾಬ್ತನ್ನೂ ಕೆದಕುತ್ತಾರೆ. ಏಪ್ರಿಲ್‌ನಲ್ಲಿ ಆದಾಯ ತೆರಿಗೆ ಜಮೆಯಾದ ಮೇಲೆ, ಮೇ 14ರೊಳಗೆ ಗವರ್ನರ್ ಪರಿಷ್ಕೃತ ಪ್ರಸ್ತಾವ ಕೊಡುತ್ತಾರೆ. ಜೂನ್ 15ರೊಳಗೆ ಎರಡೂ ಸದನಗಳು ಬಜೆಟ್ ಅಂಗೀಕರಿಸದಿದ್ದರೆ ಶಾಸಕರ ಸಂಬಳಕ್ಕೇ ಕತ್ತರಿ. ಇದು 2010ರಲ್ಲಿ ಮತದಾರರು ಹಾಕಿದ ಮೂಗುದಾರ. ಕೊನೆಯಲ್ಲಿ ಗವರ್ನರ್ ಯಾವುದೇ ಬಾಬ್ತನ್ನು ತಗ್ಗಿಸಬಹುದು, ಪೂರ್ತಿ ಹೊಡೆದುಹಾಕಲೂಬಹುದು. ಒಂದು ಡಾಲರ್ ಸೇರಿಸುವುದಕ್ಕೆ ಮಾತ್ರ ಅಧಿಕಾರವಿಲ್ಲ.

ಜನವರಿಯ ಅಂಕಿಗಳು ಎಷ್ಟು ಗಟ್ಟಿ ಎನ್ನುತ್ತೀರಾ? 2023ರಲ್ಲಿ ಚಳಿಗಾಲದ ಬಿರುಗಾಳಿಯ ಕಾರಣಕ್ಕೆ ತೆರಿಗೆ ಕಟ್ಟುವ ಗಡುವನ್ನು ಏಪ್ರಿಲ್‌ನಿಂದ ನವೆಂಬರ್‌ಗೆ ಮುಂದೂಡಿದ್ದರು. ಬೊಕ್ಕಸಕ್ಕೆ ಎಷ್ಟು ಬರುತ್ತದೆಂದು ತಿಳಿಯದೆಯೇ ಆ ವರ್ಷದ ಬಜೆಟ್ ಆಗಿಹೋಯಿತು. ಡಿಸೆಂಬರ್‌ನಲ್ಲಿ ಶಾಸಕಾಂಗದ ಪಕ್ಷಾತೀತ ವಿಶ್ಲೇಷಣಾ ಕಚೇರಿ 6,800 ಕೋಟಿ ಡಾಲರ್ ಕೊರತೆ ಎಂದಿತು. ಮರುತಿಂಗಳು ಗವರ್ನರ್ ಗೇವಿನ್ ನ್ಯೂಸಮ್ ಹೇಳಿದ ಕೊರತೆ ಸುಮಾರು 3,800 ಕೋಟಿ. ರಾಜ್ಯ ಒಂದೇ, ಲೆಕ್ಕ ಎರಡು.

ಹಣ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. ಕಾನೂನಿನ ಆಸರೆ ಇರುವವರಿಗೆ ಮೊದಲು. 1988ರಲ್ಲಿ ಮತದಾರರು ನೇರ ಮತದಾನದಲ್ಲಿ ಒಪ್ಪಿದ ‘98ನೇ ಪ್ರಸ್ತಾವ’ ಎಂಬ ನಿಯಮದಿಂದಾಗಿ ರಾಜ್ಯದ ಸಾಮಾನ್ಯ ನಿಧಿಯ ಸುಮಾರು ಶೇ 40ರಷ್ಟು ಶಾಲೆಗಳಿಗೆ ಮತ್ತು ಸಮುದಾಯ ಕಾಲೇಜುಗಳಿಗೆ ಬರುತ್ತದೆ. ಗವರ್ನರ್ ಯಾರೇ ಇರಲಿ, ಇದನ್ನು ಸುಲಭವಾಗಿ ಮುಟ್ಟುವಂತಿಲ್ಲ. 2013ರಿಂದ ಬಡ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು, ಪೋಷಕರಿಂದ ಬೇರ್ಪಟ್ಟು ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು ಇದ್ದಲ್ಲಿ ತಲಾ ಮೂಲ ಅನುದಾನದ ಮೇಲೆ ಶೇ 20ರಷ್ಟು ಹೆಚ್ಚುವರಿ ಸಿಗುತ್ತದೆ. ಒಳ್ಳೆಯ ನಿಯಮ, ಎರಡು ಮಾತಿಲ್ಲ.

ಆದರೆ ನಮ್ಮ ಮೇಜಿಗೆ ಬರುವ ಮೂಲ ಕಷ್ಟ ದಿನಾಂಕಗಳದು. ಮುಂದಿನ ವರ್ಷಕ್ಕೆ ಶಿಕ್ಷಕರನ್ನು ಕೈಬಿಡುವ ಸಾಧ್ಯತೆ ಇದ್ದರೆ ಮಾರ್ಚ್ 15ರೊಳಗೆ ಅವರಿಗೆ ನೋಟಿಸ್ ಕೊಡಬೇಕೆಂಬುದು ಕಾನೂನು. ಮೇ ತಿಂಗಳ ಪರಿಷ್ಕೃತ ಲೆಕ್ಕ ಬರುವುದಕ್ಕೆ ಆಗ ಇನ್ನೂ ಎರಡು ತಿಂಗಳಿರುತ್ತದೆ! 2024ರ ಜನವರಿಯಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಶಾಲೆಗಳ ಅನುದಾನದಲ್ಲಿ ಆಗುವ ಹೆಚ್ಚಳ ಶೇ 0.76 ಎಂದಿದ್ದರು, ಮೇ ತಿಂಗಳಲ್ಲಿ ಅದು ಶೇ 1.07 ಆಯಿತು. ಓದುವವರಿಗೆ ಇದು ದಶಾಂಶದ ಸಂಗತಿ. ಸಂಬಳದ ಪಟ್ಟಿ ಹಿಡಿದು ಕೂತವರಿಗೆ ಹಾಗಲ್ಲ. ಜನವರಿಯ ಅಂದಾಜು ತೆಳುವಾಗಿದ್ದರೆ ಸೇವಾ ಹಿರಿತನದ ಪಟ್ಟಿಯನ್ನು ಕೆಳಗಿನಿಂದ ಓದತೊಡಗುತ್ತೇವೆ. ಕೊನೆಯಲ್ಲಿ ಸೇರಿದವರ ಹೆಸರು ಮೊದಲು ಬರುತ್ತದೆ, ಮತ್ತು ಹೊಸಬರು ಹೆಚ್ಚಾಗಿ ಇರುವುದು ಬೇರೆಯವರು ಒಲ್ಲದ ಬಡ ಬಡಾವಣೆಗಳ ಶಾಲೆಗಳಲ್ಲೇ. ಒಂದು ವರ್ಷ ಗಣಿತದ ಯುವ ಶಿಕ್ಷಕಿಯೊಬ್ಬರಿಗೆ ನಾವು ಕೊಟ್ಟ ನೋಟಿಸನ್ನು ಮೇ ತಿಂಗಳಲ್ಲಿ ಹಿಂಪಡೆದೆವು. ಅಷ್ಟರಲ್ಲಿ ಅವರು ಪಕ್ಕದ ಕೌಂಟಿಯಲ್ಲಿ ಕೆಲಸ ಹಿಡಿದಿದ್ದರು. ಅವರ ತರಗತಿಯನ್ನು ವರ್ಷದ ಬಹುಪಾಲು ಬದಲಿ ಶಿಕ್ಷಕರೇ ನಡೆಸಿದರು. ಯಾವ ಬಜೆಟ್ ಪುಸ್ತಕದಲ್ಲಿಯೂ ಈ ನಷ್ಟಕ್ಕೊಂದು ಸಾಲಿಲ್ಲ.

ಕಾನೂನಿನ ಆಸರೆ ಇಲ್ಲದವರ ಪಾಡು ಬೇರೆ. 2025ರ ಮೇ ತಿಂಗಳ ಪರಿಷ್ಕರಣೆಯಲ್ಲಿ ಗವರ್ನರ್, ವೃದ್ಧರನ್ನೂ ಅಂಗವಿಕಲರನ್ನೂ ಮನೆಯಲ್ಲೇ ನೋಡಿಕೊಳ್ಳುವ ಆರೈಕೆದಾರರ ಕೆಲಸಕ್ಕೆ ವಾರಕ್ಕೆ 50 ಗಂಟೆಗಳ ಮಿತಿ ಹಾಕಲು ಹೊರಟರು. ಸರ್ಕಾರಿ ಆರೋಗ್ಯ ವಿಮೆ ಮೆಡಿ-ಕ್ಯಾಲ್ ಪಡೆಯುವ ವೃದ್ಧರ ಬಳಿ 2,000 ಡಾಲರ್‌ಗಿಂತ ಹೆಚ್ಚಿನ ಆಸ್ತಿ ಇರಬಾರದೆಂಬ ಹಳೆಯ ನಿಯಮವನ್ನು ಮರಳಿ ತರುವ ಪ್ರಸ್ತಾವವೂ ಅದರಲ್ಲಿತ್ತು. ಬ್ಯಾಂಕಿನಲ್ಲಿ ಕಷ್ಟಕಾಲಕ್ಕೆಂದು ಒಂದಿಷ್ಟು ಕೂಡಿಟ್ಟವರೂ ಇದರಿಂದ ಹೊರಬೀಳುತ್ತಿದ್ದರು. ಇಂಥ ಸಂದರ್ಭದಲ್ಲಿ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಉಪಸಮಿತಿಯ ಮುಂದೆ ಗಾಲಿಕುರ್ಚಿಯಲ್ಲಿ ಬಂದವರೂ ಸರತಿಯಲ್ಲಿ ಕಾಯುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷ, ಸರತಿ ಬೆಳೆದರೆ ಅದೂ ಇಲ್ಲ. ಕೊನೆಗೆ ಶಾಸಕಾಂಗ 50 ಗಂಟೆಗಳ ಮಿತಿಯನ್ನು ಕೈಬಿಟ್ಟಿತು, ಆಸ್ತಿಯ ಮಿತಿ 1,30,000 ಡಾಲರ್ ಎಂದು ತೀರ್ಮಾನವಾಯಿತು. ಗವರ್ನರ್ ಕೇಳಿದ್ದಕ್ಕೂ ಜನರಿಗೆ ದಕ್ಕಿದ್ದಕ್ಕೂ ಎಷ್ಟು ಅಂತರ ನೋಡಿ.

ನನ್ನ ಕೋರಿಕೆ ಇಷ್ಟೇ. ಜನವರಿಯಲ್ಲಿ ಗವರ್ನರ್ ಪ್ರಸ್ತಾವದ ಸುದ್ದಿ ಹಾಕಿದರೆ ಜುಲೈ 1ಕ್ಕೆ, ಹೊಸ ಆರ್ಥಿಕ ವರ್ಷ ಶುರುವಾಗುವಾಗ, ಅದರಲ್ಲಿ ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು ಎಂಬುದನ್ನೂ ಪ್ರಕಟಿಸಿ. ಇಲ್ಲಿ ಮಕ್ಕಳ ಮನೆಯಲ್ಲಿರುವ ಎಷ್ಟೋ ಹಿರಿಯರು ನಿಮ್ಮ ಪತ್ರಿಕೆಯನ್ನು ಮೊಬೈಲ್‌ನಲ್ಲಿ ಓದುತ್ತಾರೆ. ಅವರಲ್ಲಿ ಕೆಲವರ ಔಷಧಿಯ ಖರ್ಚು ಈ ಬಜೆಟ್ಟಿನಲ್ಲೇ ಇದೆ.

— ಹಾಸನ ಮೂಲದ ಓದುಗರು (ನೌಕರಿಯ ಕಾರಣಕ್ಕೆ ಹೆಸರು ಬೇಡ), ಅಲಮೇಡಾ ಕೌಂಟಿ, ಕ್ಯಾಲಿಫೋರ್ನಿಯಾ